ಕ್ವೆರಿ ಓಡಿತು, ಉತ್ತರ ಮಾತ್ರ ತಪ್ಪು: ‘ಗಿಂತ’ ಎಲ್ಲಿ ಎಡವುತ್ತದೆ?

ಮಾತಿನಲ್ಲಿ ಕೇಳಿದ್ದನ್ನು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಅರ್ಥವಾಗುವ ಪ್ರಶ್ನೆ, ಮಾಡಿಕೊಡುವ ನಮ್ಮ ಟೂಲ್ ಬಗ್ಗೆ ದೂರು ಬಂದದ್ದು ಹೀಗೆ: ‘ಬಿ ಶಾಖೆಗಿಂತ ಜಾಸ್ತಿ ಮಾರಿದ ಶಾಖೆ ಯಾವುದು ಅಂತ ಕೇಳಿದೆ. ನಿನ್ನೆ ಎ ಅಂದಿತು. ಇವತ್ತು ಎ ಮತ್ತು ಸಿ ಅನ್ನುತ್ತಿದೆ. ಡೇಟಾ ಒಂದು ಸಾಲೂ ಬದಲಾಗಿಲ್ಲ.’

ನಿಜಕ್ಕೂ ಬದಲಾಗಿರಲಿಲ್ಲ. ಎರರ್ ಲಾಗ್ ಖಾಲಿ. ಎರಡೂ ದಿನ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ತಕರಾರಿಲ್ಲದೆ ಓಡಿದೆ. ಇಂಥ ಟೂಲ್‌ಗಳಲ್ಲಿ ಇಷ್ಟು ಕಾಟ ಕೊಡುವ ದೋಷ ಇನ್ನೊಂದಿಲ್ಲ. ಏನಾದರೂ ಮುರಿದಿದ್ದರೆ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಮುರಿದಿಲ್ಲ. ಕೇಳಿದವರು ಹೋಲಿಕೆಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ, ಕ್ವೆರಿ ಬರೆಯುವ ಎಐ ಮಾಡೆಲ್ ಅದನ್ನು ತನಗೆ ತೋಚಿದಂತೆ ತುಂಬಿದೆ, ಯಾರಿಗೂ ಹೇಳಿಲ್ಲ. ಆ ಜಾಗ ಯಾವುದು ಅಂತ ಕಂಡುಹಿಡಿಯುವುದು ನಮ್ಮ ಕೆಲಸ.

ಡೇಟಾ ಎಷ್ಟು ಚಿಕ್ಕದು ಅಂದರೆ ಇಲ್ಲೇ ಹೇಳಿಬಿಡಬಹುದು. ಎ ಶಾಖೆಯಲ್ಲಿ 3 ಬಿಲ್, ಒಂದೊಂದೂ 500. ಬಿ ಶಾಖೆಯಲ್ಲಿ ಒಂದೇ ಬಿಲ್, 1200. ಸಿ ಶಾಖೆಯಲ್ಲಿ 6 ಬಿಲ್, ಒಂದೊಂದೂ 150. ಒಟ್ಟು ಮೊತ್ತ ನೋಡಿದರೆ ಎ 1500, ಬಿ 1200, ಸಿ 900. ಆಗ ಉತ್ತರ ಎ. ಬಿಲ್‌ಗಳ ಸಂಖ್ಯೆ ನೋಡಿದರೆ 3, 1, 6. ಆಗ ಉತ್ತರ ಎ ಮತ್ತು ಸಿ. ಒಂದು ಬಿಲ್‌ನ ಸರಾಸರಿ ನೋಡಿದರೆ 500, 1200, 150. ಆಗ ಬಿ ಶಾಖೆಯನ್ನು ಮೀರಿಸಿದವರು ಯಾರೂ ಇಲ್ಲ. ಒಂದೇ ಪ್ರಶ್ನೆ, ಮೂರು ಉತ್ತರ, ಮೂರಕ್ಕೂ ಒಂದೊಂದು ನ್ಯಾಯ ಇದೆ. ‘ಜಾಸ್ತಿ ಮಾರಿದ’ ಅನ್ನುವುದರಲ್ಲಿ ಏನು ಜಾಸ್ತಿ ಅನ್ನುವ ಮಾತೇ ಇಲ್ಲ, ಅಲ್ವಾ?

ಪ್ರಾಂಪ್ಟ್‌ಗೆ ಕೈ ಹಾಕುವ ಮೊದಲು

ಇಂಥ ದೂರು ಬಂದ ಕೂಡಲೇ ಪ್ರಾಂಪ್ಟ್‌ನಲ್ಲಿ, ಅಂದರೆ ಮಾಡೆಲ್‌ಗೆ ಕೊಡುವ ಸೂಚನೆಯಲ್ಲಿ, ಒಂದು ಸಾಲು ಸೇರಿಸಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಮಾಡಬೇಡಿ. ಆ ಸಾಲು ಈ ದೂರನ್ನು ಮುಚ್ಚಿ ಬೇರೆ ಎರಡನ್ನು ತೆರೆಯುತ್ತದೆ.

ಮೊದಲು ನಾಲ್ಕು ವಿಷಯ ಹಿಡಿದಿಟ್ಟುಕೊಳ್ಳಿ: ಕೇಳಿದ ಪ್ರಶ್ನೆ ಅಕ್ಷರಶಃ, ಮಾಡೆಲ್‌ಗೆ ಹೋದ ಟೇಬಲ್ ವಿವರ, ಹುಟ್ಟಿದ ಎಸ್‌ಕ್ಯೂಎಲ್, ಓಡಿದ ಹೊತ್ತು. ‘ಮಾರಾಟದ ಬಗ್ಗೆ ಏನೋ ಕೇಳಿದರಂತೆ’ ಅನ್ನುವ ಮಟ್ಟದ ದೂರಿನಿಂದ ಏನೂ ಆಗುವುದಿಲ್ಲ. ಒಂದು ವಿಭಕ್ತಿ ಪ್ರತ್ಯಯ ಆಚೀಚೆ ಆದರೂ ಅರ್ಥ ಬೇರೆ.

ಆಮೇಲೆ ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿ. ಉತ್ತರ ಬಿಡಿ, ಎಸ್‌ಕ್ಯೂಎಲ್ ನೋಡಿ. ಒಮ್ಮೆ ಸಮ್ (ಮೊತ್ತ), ಒಮ್ಮೆ ಕೌಂಟ್ (ಎಣಿಕೆ) ಬರುತ್ತಿದ್ದರೆ ಪ್ರಶ್ನೆಯಲ್ಲೇ ಎರಡರ್ಥ ಇದೆ ಅಂತ ಹೆಚ್ಚುಕಡಿಮೆ ಖಾತ್ರಿ. ಹತ್ತು ಸಲವೂ ಒಂದೇ ಬಂದರೆ ಸಮಾಧಾನಪಡಬೇಡಿ. ಮಾಡೆಲ್ ಒಂದೇ ಅರ್ಥಕ್ಕೆ ಅಂಟಿಕೊಂಡಿದೆ ಅಂತ ಮಾತ್ರ ಅದರಿಂದ ತಿಳಿಯುತ್ತದೆ, ಅದು ಕೇಳಿದವರ ಅರ್ಥ ಹೌದೋ ಅಲ್ಲವೋ ತಿಳಿಯುವುದಿಲ್ಲ.

ಮೂರನೆಯದಾಗಿ, ನಿಮಗೆ ತೋಚುವ ಕನಿಷ್ಠ ಎರಡು ಅರ್ಥಗಳಿಗೆ ಕೈಯಾರೆ ಕ್ವೆರಿ ಬರೆದು ಓಡಿಸಿ. ದೂರಿನಲ್ಲಿರುವ ‘ತಪ್ಪು’ ಉತ್ತರ ಇವುಗಳಲ್ಲಿ ಒಂದಕ್ಕೆ ಸರಿಯಾಗಿ ಹೊಂದಿತೋ, ದೋಷ ಸಿಕ್ಕಿತು. ಯಾವುದಕ್ಕೂ ಹೊಂದದಿದ್ದರೆ ಇದು ಅರ್ಥದ ಗೊಂದಲ ಅಲ್ಲ. ಆಗ ನೇರ ‘ಗೊಂದಲದ ವೇಷ ಹಾಕಿದ ಬೇರೆ ದೋಷಗಳು’ ಅನ್ನುವ ಭಾಗಕ್ಕೆ ಹೋಗಿ.

ಯಾವುದರ ಜೊತೆ ಹೋಲಿಸಿತು?

ಏನನ್ನು ಅಳೆಯುವುದು ಅನ್ನುವ ಗೊಂದಲ ಬೇಗ ಕಣ್ಣಿಗೆ ಬೀಳುತ್ತದೆ. ಯಾವುದರ ಜೊತೆ ಅಳೆಯುವುದು ಅನ್ನುವುದು ಬೀಳುವುದಿಲ್ಲ. ಕನ್ನಡದಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ.

ಶಾಖೆಯಿಂದ ಶಾಖೆಗೆ ಮಾಲು ಹೋಗುವ ಒಂದು ಟೇಬಲ್ ಇದೆ ಅಂದುಕೊಳ್ಳಿ. ಕಳಿಸಿದ ಶಾಖೆ, ಪಡೆದ ಶಾಖೆ, ಎಷ್ಟು ಡಬ್ಬಿ, ಈ ಮೂರೇ ಕಾಲಂ. ಪ್ರಶ್ನೆ: ‘ಸಿ ಶಾಖೆ ಎ ಶಾಖೆಗಿಂತ ಜಾಸ್ತಿ ಡಬ್ಬಿಗಳನ್ನು ಬಿ ಶಾಖೆಗೆ ಕಳಿಸಿದೆಯಾ?’ ಎ ಕಳಿಸಿದ್ದಕ್ಕಿಂತ ಸಿ ಕಳಿಸಿದ್ದು ಜಾಸ್ತಿಯಾ ಅಂತಲೂ ಆಗಬಹುದು. ಸಿ ಶಾಖೆಯು ಎ ಶಾಖೆಗೆ ಕಳಿಸಿದ್ದಕ್ಕಿಂತ ಬಿ ಶಾಖೆಗೆ ಕಳಿಸಿದ್ದು ಜಾಸ್ತಿಯಾ ಅಂತಲೂ ಆಗಬಹುದು. ‘ಎ ಶಾಖೆ’ ಕಳಿಸಿದವರಾದರೂ ‘ಎ ಶಾಖೆಗಿಂತ’, ‘ಎ ಶಾಖೆಗೆ’ ಕಳಿಸಿದ್ದಾದರೂ ‘ಎ ಶಾಖೆಗಿಂತ’. ಯಾರು, ಯಾರಿಗೆ, ಯಾರನ್ನು ಅಂತ ಹೇಳುತ್ತಿದ್ದ ಪ್ರತ್ಯಯವನ್ನು ‘ಗಿಂತ’ ನುಂಗಿಬಿಡುತ್ತದೆ. ಮೊದಲ ಅರ್ಥದಲ್ಲಿ ಕಳಿಸಿದ ಶಾಖೆಯ ಕಾಲಂನಲ್ಲಿ ಎ ಹುಡುಕಬೇಕು. ಎರಡನೆಯದರಲ್ಲಿ ಪಡೆದ ಶಾಖೆಯ ಕಾಲಂನಲ್ಲಿ ಹುಡುಕಬೇಕು.

ಪತ್ತೆ ಮಾಡುವುದು ಸುಲಭ. ಎಸ್‌ಕ್ಯೂಎಲ್‌ನಲ್ಲಿ ‘ಗಿಂತ’ ಹತ್ತಿದ ಹೆಸರು ಯಾವ ಕಾಲಂನ ಎದುರು ಕೂತಿದೆ ನೋಡಿ. ಒಂದೇ ಬಗೆಯ ಹೆಸರು ಎರಡು ಕಾಲಂಗಳಲ್ಲಿ ಬರಬಹುದಾದ ಟೇಬಲ್‌ಗಳಲ್ಲಿ ಮಾತ್ರ ಈ ತೊಂದರೆ. ಕಳಿಸಿದವರು-ಪಡೆದವರು, ಆಡಿದ ತಂಡ-ಎದುರಾಳಿ ತಂಡ, ಹೊರಟ ಊರು-ತಲುಪಿದ ಊರು, ಹೀಗೆ. ನಿಮ್ಮ ಸ್ಕೀಮಾದಲ್ಲಿ (ಟೇಬಲ್, ಕಾಲಂಗಳ ವಿನ್ಯಾಸದಲ್ಲಿ) ಇಂಥ ಜೋಡಿಗಳನ್ನು ಮೊದಲೇ ಗುರುತು ಹಾಕಿಡಿ. ಅವುಗಳ ಮೇಲೆ ‘ಗಿಂತ’ ಬಂದರೆ ಟೂಲ್ ತಿರುಗಿ ಕೇಳಲೇಬೇಕು, ಊಹೆ ಬೇಡ.

ಬಹುವಚನ ಬಂದಾಗ ಇನ್ನೊಂದು ಹೊಂಡ. ‘ಸಿ ಶಾಖೆಯವರಿಗಿಂತ ಜಾಸ್ತಿ ಸಂಬಳ ಇರುವವರು ಯಾರು?’ ಸಿ ಶಾಖೆಯ ಎಲ್ಲರಿಗಿಂತಲಾ? ಅಲ್ಲಿಯ ಯಾರಾದರೂ ಒಬ್ಬರಿಗಿಂತಲಾ? ಅವರ ಸರಾಸರಿಗಿಂತಲಾ? ಮಾತಾಡುವಾಗ ನಾವು ಸರಾಸರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ ಅಂತ ನನಗನ್ನಿಸುತ್ತದೆ. ಮಾಡೆಲ್‌ಗಳು ಮಾತ್ರ ಬಹಳ ಸಲ ‘ಎಲ್ಲರಿಗಿಂತ’ ಹಿಡಿಯುವುದನ್ನು ನೋಡಿದ್ದೇನೆ.

ಸರಿ, ‘ಎಲ್ಲರಿಗಿಂತ’ ಅಂತಲೇ ತೀರ್ಮಾನ ಆಯಿತು. ಆದರೂ ಅದನ್ನು ಬರೆಯುವ ದಾರಿ ಎರಡು, ಮತ್ತು ಎರಡೂ ಒಂದೇ ಅಲ್ಲ. ಒಂದು, ಸಂಬಳ > ಆಲ್ (ಸಿ ಶಾಖೆಯ ಸಂಬಳಗಳು). ಇನ್ನೊಂದು, ಸಂಬಳ > (ಸಿ ಶಾಖೆಯ ಸಂಬಳದ ಮ್ಯಾಕ್ಸ್). ಸಿ ಶಾಖೆಯಲ್ಲಿ ಯಾರೂ ಇಲ್ಲದಿದ್ದರೆ? ‘ಆಲ್’ ಹೋಲಿಕೆ ಖಾಲಿ ಪಟ್ಟಿಯ ಮೇಲೆ ಯಾವಾಗಲೂ ನಿಜ, ಹಾಗಾಗಿ ಎಲ್ಲ ನೌಕರರೂ ಪಟ್ಟಿಯಲ್ಲಿ ಬರುತ್ತಾರೆ. ಖಾಲಿ ಪಟ್ಟಿಯ ಮ್ಯಾಕ್ಸ್ (ಅತಿ ದೊಡ್ಡ ಬೆಲೆ) ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ ಜಾಗ. ನಲ್ ಜೊತೆ ಹೋಲಿಸಿದರೆ ಒಬ್ಬರೂ ಬರುವುದಿಲ್ಲ. ಇನ್ನು ಸಿ ಶಾಖೆಯಲ್ಲಿ ಒಬ್ಬರ ಸಂಬಳ ತುಂಬದೆ ನಲ್ ಇದ್ದರೆ ಇದು ತಿರುವುಮುರುವು: ‘ಆಲ್’ ಬರೆದ ಕ್ವೆರಿಯಲ್ಲಿ ಯಾರೂ ಬರುವುದಿಲ್ಲ, ಮ್ಯಾಕ್ಸ್ ಮಾತ್ರ ನಲ್ ಅನ್ನು ಬದಿಗಿಟ್ಟು ಸರಿಯಾಗಿ ಲೆಕ್ಕ ಹಾಕುತ್ತದೆ. ‘ಎಲ್ಲರೂ ಬಂದುಬಿಟ್ಟರು’ ಅಥವಾ ‘ಯಾರೂ ಬರಲಿಲ್ಲ’ ಅನ್ನುವ ದೂರು ಕೇಳಿದ ತಕ್ಷಣ ನಾನು ನೋಡುವುದು ಇದನ್ನೇ.

‘ಯಾರೂ ಬರಲಿಲ್ಲ’ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ‘ಎಲ್ಲರಿಗಿಂತ ಜಾಸ್ತಿ ಸಂಬಳ ಯಾರಿಗೆ?’ ಅಂದಾಗ ಆ ಎಲ್ಲರಲ್ಲಿ ಅವರೂ ಸೇರಿದರೆ, ತನ್ನ ಸಂಬಳ ತನಗಿಂತ ಜಾಸ್ತಿ ಇರಬೇಕಾಗುತ್ತದೆ. ಯಾರಿಗೂ ಇರುವುದಿಲ್ಲ. ಒಳಗಿನ ಕ್ವೆರಿಯಲ್ಲಿ ‘ತನ್ನನ್ನು ಬಿಟ್ಟು’ ಅನ್ನುವ ಷರತ್ತು ಇದೆಯಾ ನೋಡಿ.

‘ಗಿಂತ’ ಇಲ್ಲದ ‘ಜಾಸ್ತಿ’

ಕನ್ನಡದಲ್ಲಿ ಹೋಲಿಕೆಗೆ ಅಂತ ಗುಣಪದದ ಬೇರೆ ರೂಪ ಇಲ್ಲ. ‘ದೊಡ್ಡ’ ಅಂದರೆ ದೊಡ್ಡದು, ಹೋಲಿಕೆಯ ಹೊರೆಯೆಲ್ಲ ‘ಗಿಂತ’ದ ಮೇಲೆ. ಅದನ್ನು ಬಿಟ್ಟರೆ ‘ಜಾಸ್ತಿ ರಜೆ ಹಾಕಿದವರು ಯಾರು?’ ಅನ್ನುವುದು ಗಾಳಿಯಲ್ಲಿ ತೇಲುತ್ತದೆ. ಎಲ್ಲರಿಗಿಂತ ಜಾಸ್ತಿ ಹಾಕಿದ ಒಬ್ಬರಾ? ಸರಾಸರಿ ದಾಟಿದವರಾ? ಕೊಟ್ಟ ರಜೆ ಮೀರಿದವರಾ? ಮಾಡೆಲ್ ಸುಮ್ನೆ ಆರ್ಡರ್ ಬೈ ಹಾಕಿ ಕ್ರಮವಾಗಿ ಜೋಡಿಸಿ, ಲಿಮಿಟ್ 10 ಅಂತ ಮೊದಲ ಹತ್ತು ಸಾಲಿಗೆ ಕತ್ತರಿಸಿ ಕೊಡುತ್ತದೆ. 10 ಯಾಕೆ? ಅದಕ್ಕೂ ಗೊತ್ತಿಲ್ಲ.

ಈ ತೊಂದರೆಗೆ ಪರಿಹಾರವೂ ಹಳೆಯದೇ. 1971ರಲ್ಲಿ ತೋರಿಸಿದ ಲೂನಾರ್ ಅನ್ನುವ ವ್ಯವಸ್ಥೆ ಅಪೊಲೊ 11 ತಂದ ಚಂದ್ರನ ಕಲ್ಲುಗಳ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುತ್ತಿತ್ತು. ‘ಹೆಚ್ಚು ಕ್ಷಾರದ ಕಲ್ಲುಗಳಲ್ಲಿ ಅಲ್ಯೂಮಿನಿಯಂ ಸರಾಸರಿ ಎಷ್ಟು?’ ಅನ್ನುವ ಪ್ರಶ್ನೆ ಅದರ ಹೆಸರುವಾಸಿ ಉದಾಹರಣೆ. ಎಷ್ಟಿದ್ದರೆ ‘ಹೆಚ್ಚು’? ಆ ಪ್ರಶ್ನೆ ಏಳಲೇ ಇಲ್ಲ, ಯಾಕೆಂದರೆ ಅದನ್ನು ಬಳಸುವ ಭೂವಿಜ್ಞಾನಿಗಳ ಬಾಯಲ್ಲಿ ಅದು ಕಲ್ಲಿನ ಒಂದು ಜಾತಿಯ ಹೆಸರು. ಕ್ಷೇತ್ರ ಚಿಕ್ಕದು, ಪದದ ಅರ್ಥ ಮೊದಲೇ ಕಟ್ಟಿಟ್ಟದ್ದು.

ನಾವು ಮಾಡಬೇಕಾದ್ದೂ ಅಷ್ಟೇ. ‘ಜಾಸ್ತಿ ರಜೆ’, ‘ದೊಡ್ಡ ಗ್ರಾಹಕ’, ‘ತಡವಾದ ಆರ್ಡರ್’ ಇಂಥ ನುಡಿಗಳನ್ನು ಲಾಗ್‌ನಿಂದ ಹೆಕ್ಕಿ, ಒಂದೊಂದಕ್ಕೂ ಒಂದು ಸಾಲಿನ ಅರ್ಥ ಬರೆದು, ಮಾಡೆಲ್ ನೋಡುವ ಜಾಗದಲ್ಲಿ ಇಡಿ. ಅರ್ಥ ಬರೆಯುವುದು ಡೆವಲಪರ್ ಕೆಲಸ ಅಲ್ಲ. ಆ ಲೆಕ್ಕ ದಿನಾ ನೋಡುವವರನ್ನು ಕೂರಿಸಿಕೊಂಡು ಬರೆಸಿ. ನಾನು ಒಬ್ಬನೇ ಬರೆದ ಪಟ್ಟಿಯಲ್ಲಿ ‘ಮಾರಾಟ’ದೊಳಗೆ ರದ್ದಾದ ಬಿಲ್‌ಗಳೂ ಸೇರಿದ್ದವು.

ದಿಕ್ಕು ತಪ್ಪಿದರೆ

ಉತ್ತರ ಪೂರ್ತಿ ತಲೆಕೆಳಗಾಗಿ ಬಂದಿದ್ದರೆ ಇಲ್ಲಿ ನೋಡಿ. ‘ಹೆಚ್ಚು’ ಅಂದ ಕಡೆಯೆಲ್ಲ > ಬರಬೇಕೆಂದಿಲ್ಲ. ಹೆಚ್ಚು ಹಳೆಯ ಬಿಲ್ ಅಂದರೆ ತಾರೀಖು ಹಿಂದಿನದು, ಅಂದರೆ <. ಒಳ್ಳೆಯ ರ‍್ಯಾಂಕ್ ಅಂದರೆ 5ಕ್ಕಿಂತ 1. ‘ಬೇಗ ಮುಗಿದ ಕೆಲಸ’ ಅಂದರೆ ಕಡಿಮೆ ಹೊತ್ತು ಹಿಡಿದದ್ದಾ, ಬೆಳಿಗ್ಗೆ ಬೇಗ ಮುಗಿದದ್ದಾ? ‘ಹಿರಿಯ ನೌಕರ’ ವಯಸ್ಸಿನಲ್ಲಾ, ಕೆಲಸಕ್ಕೆ ಸೇರಿದ್ದರಲ್ಲಾ, ಹುದ್ದೆಯಲ್ಲಾ? ಕಾಲಂ ವಿವರದಲ್ಲಿ ‘ಸಣ್ಣ ಸಂಖ್ಯೆ ಇದ್ದಷ್ಟೂ ಒಳ್ಳೆಯದು’ ಅಂತ ಒಂದು ಮಾತು ಬರೆದರೆ ಇದರಲ್ಲಿ ಬಹುಪಾಲು ಹೋಗುತ್ತದೆ.

ಅಂಚಿನ ಸಂಖ್ಯೆ

ಒಂದೆರಡು ಸಾಲು ಮಾತ್ರ ಜಾಸ್ತಿ ಅಥವಾ ಕಡಿಮೆ ಬರುತ್ತಿದ್ದರೆ ದೋಷ ಅಂಚಿನಲ್ಲಿದೆ. ‘10ಕ್ಕಿಂತ ಜಾಸ್ತಿ’ ಅಂದರೆ 10 ಇಲ್ಲ. ‘ಕನಿಷ್ಠ 10’ ಅಂದರೆ 10 ಇದೆ. ‘10ರವರೆಗೆ’ ಅಂದರೂ ಇದೆ. ಇವು ಮೂರರಲ್ಲಿ ಜಗಳವಿಲ್ಲ. ಜಗಳ ಇರುವುದು ‘10ರ ಒಳಗೆ’, ‘10 ಮೇಲ್ಪಟ್ಟು’, ‘10ರಿಂದ 20ರ ನಡುವೆ’ ಇವುಗಳಲ್ಲಿ. ಎಸ್‌ಕ್ಯೂಎಲ್‌ನ ಬಿಟ್ವೀನ್ ಎರಡೂ ಅಂಚನ್ನು ಸೇರಿಸಿಕೊಳ್ಳುತ್ತದೆ. ಕೇಳಿದವರು ಸೇರಿಸಿದ್ದರೋ ಇಲ್ಲವೋ, ಅವರನ್ನೇ ಕೇಳಬೇಕು.

ತಾರೀಖಿನಲ್ಲಿ ಬಿಟ್ವೀನ್ ಇದಕ್ಕಿಂತ ಕೆಟ್ಟದು. ಕಾಲಂನಲ್ಲಿ ತಾರೀಖಿನ ಜೊತೆ ಗಂಟೆಯೂ ಇದ್ದರೆ, ‘ಮಾರ್ಚ್ 1ರಿಂದ 31ರವರೆಗೆ’ ಅನ್ನುವುದು 31ರ ಮಧ್ಯರಾತ್ರಿ 00:00ಕ್ಕೆ ನಿಂತುಬಿಡುತ್ತದೆ. 31ರಂದು ಹಗಲೆಲ್ಲ ಆದ ವ್ಯವಹಾರ ಲೆಕ್ಕದಿಂದ ಹೊರಗೆ. ಮಾರ್ಚ್ 1 ಅಥವಾ ನಂತರ, ಏಪ್ರಿಲ್ 1ಕ್ಕಿಂತ ಮುಂಚೆ ಅಂತ ಬರೆಸಿ. ಅಂದರೆ ಒಂದು ಕಡೆ >=, ಇನ್ನೊಂದು ಕಡೆ ಬರೀ <.

‘ಈ ತಿಂಗಳು ಕಳೆದ ತಿಂಗಳಿಗಿಂತ ಕಡಿಮೆ ಯಾಕೆ?’ ಅನ್ನುವ ಪ್ರಶ್ನೆಯನ್ನು 10ನೇ ತಾರೀಖು ಕೇಳಿದರೆ, ಹತ್ತು ದಿನವನ್ನು ಪೂರ್ತಿ ತಿಂಗಳಿನ ಜೊತೆ ತೂಗುತ್ತಿದ್ದೀರಿ. ಕ್ವೆರಿ ತಪ್ಪಿಲ್ಲ, ತಕ್ಕಡಿ ತಪ್ಪು. ‘ಕಳೆದ ವರ್ಷ’ವೂ ಹಾಗೇ: ಜನವರಿಯಿಂದ ಡಿಸೆಂಬರಾ, ಲೆಕ್ಕಪತ್ರದ ವರ್ಷವಾ, ಇವತ್ತಿನಿಂದ ಹಿಂದಿನ 12 ತಿಂಗಳಾ?

ಸಂಖ್ಯೆಯ ಮಾತಿನಲ್ಲೂ ಸಿಕ್ಕಿಬೀಳುತ್ತೇವೆ. ‘ಹತ್ತು ಹದಿನೈದು ದಿನಕ್ಕಿಂತ ಜಾಸ್ತಿ ಬಾಕಿ ಇರುವ ಬಿಲ್’ ಅಂತ ಒಬ್ಬರು ಬರೆದಿದ್ದರು. ಒಮ್ಮೆ 10 ಹಿಡಿಯಿತು, ಒಮ್ಮೆ 15. ಮನುಷ್ಯರಿಗೇ ಕೊಟ್ಟರೂ ಇಷ್ಟೇ ಆಗುತ್ತಿತ್ತು. ‘೫೦೦ಕ್ಕಿಂತ ಜಾಸ್ತಿ’ ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಪೈಥಾನ್ ಭಾಷೆ ಅದನ್ನು 500 ಅಂತ ಸಲೀಸಾಗಿ ಓದುತ್ತದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಓದುವುದಿಲ್ಲ. ಕ್ವೆರಿಗೆ ಹೋಗುವ ಮೊದಲೇ ಅಂಕಿ ಬದಲಿಸಿಬಿಡಿ.

‘ಎರಡು ಪಟ್ಟು ಜಾಸ್ತಿ’ ಬಗ್ಗೆ ಒಂದು ಮಾತು. 100ರ ಎರಡು ಪಟ್ಟು 200. 100ಕ್ಕಿಂತ ಎರಡು ಪಟ್ಟು ಜಾಸ್ತಿ ಅಂದರೆ ಕೆಲವರಿಗೆ 200, ಲೆಕ್ಕ ಹಿಡಿದು ಕೂತವರಿಗೆ 300. ‘ಎರಡರಷ್ಟು’ ಅಂತ ಟೂಲ್ ತಿರುಗಿ ಹೇಳಿದರೆ ಗಲಾಟೆ ಇಲ್ಲ. ಶೇಕಡಾ ಕೂಡ ಹೀಗೇ ಕೈಕೊಡುತ್ತದೆ: ವಾಪಸ್ ಬಂದ ಮಾಲು ಶೇ. 10ರಿಂದ ಶೇ. 12ಕ್ಕೆ ಏರಿದರೆ ಏರಿದ್ದು 2 ಅಂಶವೂ ಹೌದು, ಶೇ. 20ರಷ್ಟೂ ಹೌದು. ‘ಶೇ. 5ಕ್ಕಿಂತ ಜಾಸ್ತಿ ಏರಿದ ಶಾಖೆಗಳು’ ಅಂದರೆ ಈ ಶಾಖೆ ಪಟ್ಟಿಯಲ್ಲಿ ಬರಬೇಕಾ, ಬೇಡವಾ?

ಸೊನ್ನೆ, ನಲ್, ಮತ್ತು ಕಾಣೆಯಾದ ಶಾಖೆ

‘5ಕ್ಕಿಂತ ಕಡಿಮೆ ಬಿಲ್ ಮಾಡಿದ ಶಾಖೆಗಳು ಯಾವುವು?’ ಅಂತ ಕೇಳಿ. ಎ ಬಂತು, ಬಿ ಬಂತು. ಮೊನ್ನೆ ತೆರೆದ, ಇನ್ನೂ ಒಂದೂ ಬಿಲ್ ಮಾಡದ ಡಿ ಶಾಖೆ ಬರಲಿಲ್ಲ. 0 ಕೂಡ 5ಕ್ಕಿಂತ ಕಡಿಮೆಯೇ. ಆದರೆ ಕ್ವೆರಿ ಬಿಲ್ ಟೇಬಲ್‌ನಿಂದ ಶುರುವಾಗಿದೆ, ಡಿ ಅಲ್ಲಿ ಇಲ್ಲವೇ ಇಲ್ಲ. ಶಾಖೆ ಟೇಬಲ್‌ನಿಂದ ಶುರುಮಾಡಿ, ಬಿಲ್ ಇಲ್ಲದ ಶಾಖೆಯನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಮಾಡಬೇಕು. ಅಲ್ಲೂ ಒಂದು ಕೊಕ್ಕೆ: ಕೌಂಟ್(*) ಬರೆದರೆ ಡಿ ಶಾಖೆಗೆ 0 ಬದಲು 1 ಬರುತ್ತದೆ, ಯಾಕೆಂದರೆ ಜೋಡಿ ಸಿಗದ ಸಾಲೂ ಒಂದು ಸಾಲೇ. ಬಿಲ್ ನಂಬರ್ ಕಾಲಂ ಅನ್ನು ಎಣಿಸಿ. ‘ಕಡಿಮೆ’ ಅಥವಾ ‘ಇಲ್ಲ’ ಇರುವ ಯಾವ ಹೋಲಿಕೆಯಲ್ಲೂ ಇದನ್ನು ನೋಡದೆ ಮುಂದೆ ಹೋಗಬೇಡಿ.

‘ಅತಿ ಹೆಚ್ಚು ಸಂಬಳ ಯಾರಿಗೆ?’ ಅಂದಾಗ ಸಂಬಳದ ಜಾಗ ಖಾಲಿ ಇರುವವರ ಹೆಸರು ಮೇಲೆ ಬಂದರೆ ಗಾಬರಿ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ನಲ್‌ಗಳು ಮೊದಲು ಬರುತ್ತವೆ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಅದೇ ಕ್ವೆರಿಗೆ ಕೊನೆಯಲ್ಲಿ ಬರುತ್ತವೆ. ಒಂದರಲ್ಲಿ ಪರೀಕ್ಷಿಸಿ ಇನ್ನೊಂದರಲ್ಲಿ ಓಡಿಸುವ ತಂಡಗಳು ಇದರಲ್ಲಿ ಬಿದ್ದೇ ಬೀಳುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ನಲ್ಸ್ ಲಾಸ್ಟ್ ಅಂತ ಹಾಕಿ, ಇಲ್ಲವೇ ನಲ್ ಸಾಲುಗಳನ್ನು ಮೊದಲೇ ತೆಗೆಯಿರಿ. ಇಬ್ಬರಿಗೆ ಒಂದೇ ಸಂಬಳ ಇದ್ದರೆ ಲಿಮಿಟ್ 1 ಒಬ್ಬರನ್ನು ಮಾತ್ರ ಕೊಟ್ಟು ಇನ್ನೊಬ್ಬರನ್ನು ನುಂಗುತ್ತದೆ. ಸಮ ಬಂದವರನ್ನೂ ಕೊಡುವ ವಿತ್ ಟೈಸ್ ಸೌಲಭ್ಯ ಪೋಸ್ಟ್‌ಗ್ರೆಸ್‌ಗೆ 2020ರಲ್ಲಿ, 13ನೇ ಆವೃತ್ತಿಯಲ್ಲಿ ಬಂತು.

ಗೊಂದಲದ ವೇಷ ಹಾಕಿದ ಬೇರೆ ದೋಷಗಳು

ಕೈಯಾರೆ ಬರೆದ ಯಾವ ಅರ್ಥಕ್ಕೂ ಉತ್ತರ ಹೊಂದುತ್ತಿಲ್ಲವಾ? ಮೊದಲು ಜಾಯಿನ್ (ಟೇಬಲ್‌ಗಳನ್ನು ಜೋಡಿಸಿದ ರೀತಿ) ನೋಡಿ. ಬಿ ಶಾಖೆಯ ಆ ಒಂದೇ ಬಿಲ್‌ನಲ್ಲಿ 4 ವಸ್ತುಗಳಿದ್ದವು ಅನ್ನಿ. ಎ ಶಾಖೆಯ ಬಿಲ್‌ಗಳಲ್ಲಿ ಒಂದೊಂದೇ. ವಸ್ತುಗಳ ಟೇಬಲ್ ಜೊತೆ ಜಾಯಿನ್ ಮಾಡಿ ಬಿಲ್ ಮೊತ್ತ ಕೂಡಿದರೆ 1200 ನಾಲ್ಕು ಸಲ ಬಂದು 4800 ಆಗುತ್ತದೆ. ಎ ಅದೇ 1500. ಹೋಲಿಕೆ ಮಗುಚಿಕೊಂಡಿತು, ಆದರೆ ಭಾಷೆಯ ಪಾತ್ರ ಇದರಲ್ಲಿ ಏನೂ ಇಲ್ಲ.

ಆಮೇಲೆ ಕಾಲಂ ಬಗೆ. ಸಂಖ್ಯೆಯನ್ನು ಅಕ್ಷರವಾಗಿ ಇಟ್ಟಿದ್ದರೆ 9 ಅನ್ನುವುದು 10ಕ್ಕಿಂತ ದೊಡ್ಡದು, ಮೊದಲ ಅಕ್ಷರ ಮಾತ್ರ ನೋಡಿ ತೀರ್ಮಾನ ಆಗಿಬಿಡುತ್ತದೆ.

ಇನ್ನೊಂದು, ಹಿಂದಿನ ಪ್ರಶ್ನೆಯ ನೆರಳು. ‘ಅದಕ್ಕಿಂತ ಕಡಿಮೆ ಇರುವುದು?’ ಅಂತ ಮುಂದುವರಿಸಿದಾಗ ‘ಅದು’ ಯಾವುದು? ಹಿಂದಿನ ಉತ್ತರದ ಶಾಖೆಯಾ, ಅದರ ಮೊತ್ತವಾ, ಅಥವಾ ಹಿಂದಿನ ಪ್ರಶ್ನೆಯಲ್ಲಿ ಬಂದ 500ರ ಮಿತಿಯಾ? ಪ್ರಶ್ನೆಯನ್ನು ಹೊಸ ಸೆಷನ್‌ನಲ್ಲಿ ಪೂರ್ತಿ ವಾಕ್ಯವಾಗಿ ಕೇಳಿ ನೋಡಿ. ದೋಷ ಮಾಯವಾದರೆ ಅದು ನೆರಳಿನದೇ.

ಸರಿಪಡಿಸುವುದು

ನೇರ ಎಸ್‌ಕ್ಯೂಎಲ್ ಬರೆಸುವುದನ್ನು ನಾನು ನಿಲ್ಲಿಸಿದ್ದೇನೆ. ಪ್ರಶ್ನೆಯಲ್ಲಿ ಹೋಲಿಕೆ ಇದ್ದರೆ ಮಾಡೆಲ್ ಮೊದಲು ಐದು ಖಾನೆ ತುಂಬಬೇಕು: ಅಳತೆ ಏನು, ಯಾವುದರ ಜೊತೆ, ಯಾವ ಮಟ್ಟದಲ್ಲಿ (ಒಂದೊಂದು ಬಿಲ್ಲಾ, ಶಾಖೆಯ ಒಟ್ಟಾ), ಯಾವ ದಿಕ್ಕು, ಅಂಚು ಸೇರುತ್ತದೋ ಇಲ್ಲವೋ. ಪ್ರಶ್ನೆಯಲ್ಲಿ ಸಿಗದಿದ್ದರೆ ‘ಹೇಳಿಲ್ಲ’ ಅಂತಲೇ ಬರೆಯಬೇಕು, ತುಂಬಬಾರದು. ‘ಹೇಳಿಲ್ಲ’ ಅಂತ ಉಳಿದದ್ದನ್ನು ನಾವು ಬರೆದಿಟ್ಟ ಅರ್ಥಗಳ ಪಟ್ಟಿಯಿಂದ ತುಂಬುತ್ತೇವೆ. ಎಸ್‌ಕ್ಯೂಎಲ್ ಆಮೇಲೆ.

ಪಟ್ಟಿಯಲ್ಲೂ ಇಲ್ಲದಿದ್ದರೆ ತಿರುಗಿ ಕೇಳಬೇಕು. ಆದರೆ ಎಲ್ಲದಕ್ಕೂ ಕೇಳಿದರೆ ಜನ ಎರಡೇ ದಿನಕ್ಕೆ ಟೂಲ್ ಬಿಡುತ್ತಾರೆ. ಅದಕ್ಕೆ ಒಂದು ಉಪಾಯ: ಸಾಧ್ಯವಿರುವ ಅರ್ಥಗಳನ್ನೆಲ್ಲ ಹಿಂದೆ ಸದ್ದಿಲ್ಲದೆ ಓಡಿಸಿ. ಉತ್ತರ ಒಂದೇ ಬಂದರೆ ಕೇಳುವ ಅಗತ್ಯವೇ ಇಲ್ಲ. ಬೇರೆ ಬೇರೆ ಬಂದರೆ ಮಾತ್ರ ಕೇಳಿ. ಕೇಳುವಾಗಲೂ ‘ಸಮ್ ಬೇಕಾ, ಕೌಂಟ್ ಬೇಕಾ’ ಅಂತ ಬೇಡ. ‘ಒಟ್ಟು ಮೊತ್ತ ನೋಡಿದರೆ ಎ ಮಾತ್ರ. ಬಿಲ್ ಎಷ್ಟು ಅಂತ ನೋಡಿದರೆ ಎ ಮತ್ತು ಸಿ. ಯಾವುದು ಬೇಕು?’ ಅಂತ ಉತ್ತರದ ಸಮೇತ ಮುಂದಿಡಿ. ದೊಡ್ಡ ಟೇಬಲ್‌ಗಳಲ್ಲಿ ಎಲ್ಲ ಅರ್ಥ ಓಡಿಸುವುದು ಭಾರ ಆಗಬಹುದು, ಅಲ್ಲಿ ಎರಡಕ್ಕೆ ನಿಲ್ಲಿಸಿ.

ಕೇಳದೆ ಉತ್ತರ ಕೊಟ್ಟಾಗಲೂ ಹಿಡಿದ ಅರ್ಥವನ್ನು ಉತ್ತರದ ಕೆಳಗೆ ಒಂದು ಸಾಲಿನಲ್ಲಿ ತೋರಿಸಿ. ಡೇಟಾವನ್ನು ಟೇಬಲ್‌ಗಳಾಗಿ ನೋಡುವ ರಿಲೇಶನಲ್ ಮಾದರಿಯನ್ನು 1970ರಲ್ಲಿ ಮುಂದಿಟ್ಟ ಎಡ್ಗರ್ ಕಾಡ್ ಅವರೇ 1974ರಲ್ಲಿ ರಾಂದೆವು ಅನ್ನುವ ವ್ಯವಸ್ಥೆಯ ಯೋಜನೆ ಬರೆದರು. ಕ್ವೆರಿ ಓಡಿಸುವ ಮೊದಲು, ತನಗೆ ಅರ್ಥವಾದದ್ದನ್ನು ಬಳಸುವವರ ಮಾತಿನಲ್ಲೇ ತಿರುಗಿ ಹೇಳಿ ಒಪ್ಪಿಗೆ ಪಡೆಯುವುದು ಅದರ ಒಂದು ಮುಖ್ಯ ಹೆಜ್ಜೆ. ಆಗ ಈಗಿನಂಥ ಮಾಡೆಲ್‌ಗಳಿರಲಿಲ್ಲ, ಗೊಂದಲ ಇದೇ ಇತ್ತು.

ಪರೀಕ್ಷೆಗೆ ನಿಜವಾದ ಡೇಟಾ ಸಾಲದು. ನಿಜವಾದ ಡೇಟಾದಲ್ಲಿ ಬಹಳ ಸಲ ಜಾಸ್ತಿ ಬಿಲ್ ಮಾಡಿದವರೇ ಜಾಸ್ತಿ ಮೊತ್ತವನ್ನೂ ಮಾರಿರುತ್ತಾರೆ, ತಪ್ಪು ಅರ್ಥ ಹಿಡಿದ ಕ್ವೆರಿಯೂ ಸರಿ ಉತ್ತರ ಕೊಟ್ಟು ಪಾಸಾಗುತ್ತದೆ. 2018ರ ಸ್ಪೈಡರ್ ಅನ್ನುವ ಪರೀಕ್ಷಾ ಸಂಗ್ರಹದಲ್ಲಿ 200 ಡೇಟಾಬೇಸ್‌ಗಳ ಮೇಲೆ 10,181 ಪ್ರಶ್ನೆಗಳಿವೆ. ಇಂಥ ಸಂಗ್ರಹಗಳಲ್ಲಿ ಪ್ರಶ್ನೆಗೆ ಒಂದೇ ಸರಿ ಕ್ವೆರಿ ಅಂತ ಇಟ್ಟುಕೊಂಡಿರುತ್ತಾರೆ. ಅಲ್ಲಿ ಒಳ್ಳೆಯ ಅಂಕ ಬಂತು ಅಂದ ಮಾತ್ರಕ್ಕೆ ನಿಮ್ಮ ‘ಗಿಂತ’ ಸರಿ ಇದೆ ಅಂತಲ್ಲ. ಈ ಬರಹದ ಎ, ಬಿ, ಸಿ ಶಾಖೆಗಳಂತೆ, ಒಂದೊಂದು ಅರ್ಥಕ್ಕೂ ಬೇರೆ ಉತ್ತರ ಬರುವ ಹತ್ತು ಸಾಲಿನ ಪುಟ್ಟ ಟೇಬಲ್ ಮಾಡಿಡಿ. ಖಾಲಿ ಡಿ ಶಾಖೆ, ಒಂದು ನಲ್, ಸರಿಯಾಗಿ ಅಂಚಿನ ಮೇಲೆ ಕೂತ ಒಂದು ಸಂಖ್ಯೆ, ಸಮ ಬಂದ ಇಬ್ಬರು ಅದರಲ್ಲಿ ಇರಲಿ. ನಮ್ಮಲ್ಲಿ ಪ್ರಾಂಪ್ಟ್ ಬದಲಾದಾಗಲೆಲ್ಲ, ಮಾಡೆಲ್ ಬದಲಾದಾಗಲೆಲ್ಲ ಮೊದಲು ಓಡುವುದು ಈ ಪುಟ್ಟ ಟೇಬಲ್ಲೇ.

ಆ ದೂರಿನ ಕಥೆ ಏನಾಯಿತು? ‘ಮಾರಾಟ’ ಅಂದರೆ ರದ್ದಾಗದ ಬಿಲ್‌ಗಳ ಒಟ್ಟು ಮೊತ್ತ ಅಂತ ಪಟ್ಟಿಗೆ ಸೇರಿಸಿದೆ. ಉತ್ತರ ಎ ಶಾಖೆಗೆ ಬಂದು ನಿಂತಿತು. ಕೆಳಗೆ ‘ಒಟ್ಟು ಮೊತ್ತದ ಮೇಲೆ ಹೋಲಿಸಿದ್ದು’ ಅನ್ನುವ ಸಾಲೂ ಬಂತು. ದೋಷ ಸರಿಹೋಯಿತು ಅಂತ ಬರೆದು ಕಳಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು: ‘ಓ, ಮೊತ್ತ ನೋಡುತ್ತಿತ್ತಾ? ನನಗೆ ಬೇಕಿದ್ದದ್ದು ಎಷ್ಟು ಬಿಲ್ ಆಯಿತು ಅಂತ. ಹಾಗಾದರೆ ಎ ಮತ್ತು ಸಿ ಅಂದದ್ದೇ ಸರಿ ಇತ್ತು.’